ಮಳೆ ಕುಡಿದ ಪೆಟ್ರೋಲು

ಮಳೆಗಾಲ ಮುಗಿದು ಹೊಳೆಯ ನೀರು ಕೆಂಪು ಕಳೆದುಕೊಂಡು ತಿಳಿಯಾಗುತ್ತಿದ್ದ ದಿನಗಳು. ಗುರುವಾರ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಆಗಲೇ ಅರ್ಜೆಂಟು ಹೊಳೆದಡದ ಕಲ್ಲುಕಟ್ಟೆಗೆ, ಅಂದರೆ ದಕ್ಕೆಗೆ, ಕಟ್ಟಿದ್ದ ತನ್ನ ದೋಣಿಯಲ್ಲಿ ನಿಂತು ಇಂಜಿನ್ನಿನ ಹಗ್ಗ ಎಳೆಯುತ್ತಿದ್ದ.

ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವುದು ಅವನ ಕಸುಬು. ಅರ್ಜೆಂಟು ಅನ್ನುವುದು ದಕ್ಕೆಯಲ್ಲಿ ಕೂತು ಹೊತ್ತು ಕಳೆಯುವ ನಮ್ಮಂಥವರು ಇಟ್ಟ ಹೆಸರು. “ಹತ್ತಿ ಹತ್ತಿ, ಅರ್ಜೆಂಟು!” ಎಂದು ಎಲ್ಲರನ್ನೂ ದೋಣಿಗೆ ತುಂಬಿಸಿ, ಆಮೇಲೆ ತನ್ನ ಚಪ್ಪಲಿ ಹುಡುಕಲು ಮನೆಗೆ ಹೋಗುವ ಪೈಕಿ ಅವನು. ಆದರೆ ಆ ಗುರುವಾರದ ಅವಸರ ನಿಜವಾದದ್ದು. ಮಧ್ಯಾಹ್ನ ಆಚೆ ದಡದಿಂದ ಮಾವನ ಊರಿಗೆ ಬಸ್ಸು. ವಾರಕ್ಕೆ ಅದೊಂದೇ. ಅದು ತಪ್ಪಿದರೆ ಮಾವ ಇನ್ನೊಂದು ವಾರ ಮನೆಯಲ್ಲಿ.

ಮಾವ ಅಂದರೆ ಹೆಂಡತಿಯ ಅಪ್ಪ. ಮಳೆಗೆ ಮುಂಚೆ “ಮಗಳನ್ನ ನೋಡ್ಕೊಂಡು ಎರಡು ದಿನ ಇದ್ದು ಹೋಗ್ತೀನಿ” ಎಂದು ಬಂದವರು. ಎರಡನೆಯ ದಿನ ಮಳೆ ಹಿಡಿಯಿತು, ಹೊಳೆ ಏರಿತು, ದೋಣಿ ನಿಂತಿತು. ಮಾವನೂ ನಿಂತರು. ಅತ್ತೆ ಊರಿನಿಂದ ಫೋನಿನಲ್ಲಿ, “ಅವಸರ ಮಾಡ್ಬೇಡಿ ಅಳಿಯಂದಿರೇ, ಹೊಳೆ ಪೂರ್ತಿ ಇಳೀಲಿ. ಇನ್ನೂ ಸ್ವಲ್ಪ ಇಳೀಲಿ” ಅನ್ನುತ್ತಿದ್ದರು. ಎಷ್ಟು ಒಳ್ಳೆಯ ಹೆಂಗಸು ಅಂದುಕೊಂಡಿದ್ದ ಅರ್ಜೆಂಟು.

ಮಾವ ಕೆಟ್ಟವರಲ್ಲ. ಅದೇ ತೊಂದರೆ, ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಜೀವಮಾನವೆಲ್ಲ ಸಿನಿಮಾ ಟಾಕೀಸಿನ ಬಾಗಿಲಲ್ಲಿ ನಿಂತು ಟಿಕೆಟ್ ಹರಿದವರು. ಟಾಕೀಸು ಮುಚ್ಚಿ ಎಷ್ಟೋ ಕಾಲವಾದರೂ ಬಾಗಿಲು ಕಂಡರೆ ಅದರ ಪಕ್ಕ ನಿಲ್ಲದೆ ಇರಲಾರರು. ಅರ್ಜೆಂಟು ಸಂಜೆ ತನ್ನ ಮನೆಗೆ ತಾನು ಬಂದರೆ ಹೊಸಿಲಿಗೆ ಅಡ್ಡ ಕೈ ಚಾಚಿ “ಯಾರದು?” ಅನ್ನುತ್ತಿದ್ದರು. ದೀಪ ಆರಿದ ಮೇಲೆ ಅವನು ನೀರು ಕುಡಿಯಲು ಎದ್ದರೆ ಟಾರ್ಚ್ ಬಿಟ್ಟು, “ಮೆಟ್ಟಿಲಿದೆ, ನಿಧಾನ, ನಿಧಾನ” ಎಂದು ಹಾಸಿಗೆಯವರೆಗೆ ದಾರಿ ತೋರಿಸುತ್ತಿದ್ದರು. ಆ ಮನೆಯಲ್ಲಿ ಮೆಟ್ಟಿಲೇ ಇರಲಿಲ್ಲ.

ತಲೆಯ ಮೇಲೆ ಸದಾ ಒಂದು ಟೋಪಿ. ಉಣ್ಣೆಯನ್ನು ಒತ್ತಿ ಮಾಡಿದ, ಅಂಚು ಬಾಗಿದ, ದಪ್ಪನೆಯ ಬೂದು ಟೋಪಿ. ಟಾಕೀಸಿನ ಕೊನೆಯ ಆಟ ಮುಗಿದ ದಿನ ಮಾಲೀಕರು ತಮ್ಮ ತಲೆಯಿಂದ ತೆಗೆದು ಇವರ ತಲೆಗೆ ಇಟ್ಟದ್ದಂತೆ. ಸ್ನಾನಕ್ಕೆ ಹೋಗುವಾಗ ಮಾತ್ರ ಅದನ್ನು ಹೊರಗಿನ ಮೊಳೆಗೆ ಹಾಕಿ, ಒಳಗಿನಿಂದ ಆಗಾಗ “ಟೋಪಿ ಇದೆಯಾ?” ಎಂದು ಕೂಗುತ್ತಿದ್ದರು. ಯಾರಾದರೂ “ಇದೆ” ಅನ್ನುವವರೆಗೆ ಮೈಗೆ ನೀರು ಹಾಕಿಕೊಳ್ಳುತ್ತಿರಲಿಲ್ಲ.

ಈ ಎಲ್ಲ ಫಜೀತಿಗೆ ಮೂಲ ಮಾವನ ಮೂಗು. ಅವರಿಗೆ ಮಲಗಲು ಕೊಟ್ಟದ್ದು ಹಿಂದಿನ ಕೋಣೆ. ಇಂಜಿನ್ನಿನ ಪೆಟ್ರೋಲ್ ಟ್ಯಾಂಕು, ಪೆಟ್ಟಿಗೆಯ ಹಾಗೆ ಕೈಯಲ್ಲಿ ಎತ್ತಿ ಒಯ್ಯುವ ಕೆಂಪು ಡಬ್ಬ, ಅಲ್ಲೇ ಮೂಲೆಯಲ್ಲಿತ್ತು.

“ಅಳಿಯಂದಿರೇ, ಈ ಪೆಟ್ರೋಲ್ ವಾಸನೆಗೆ ತಲೆ ಗಿರ್ರ್ ಅಂತಿದೆ,” ಎಂದರು ಮಾವ, ಬಂದ ದಿನವೇ. “ನಾನು ಮನುಷ್ಯರ ಬೆವರು ಬೇಕಾದ್ರೆ ತಡ್ಕೋತೀನಿ. ಇದಾಗಲ್ಲ.”

ಅರ್ಜೆಂಟು ಟ್ಯಾಂಕನ್ನು ಹೊರಗೆ ಸೂರಿನ ಕೆಳಗೆ ಇಟ್ಟ. ಅದರ ಮುಚ್ಚಳದ ನೆತ್ತಿಯಲ್ಲಿ ಗಾಳಿಯಾಡಲು ಸಣ್ಣದೊಂದು ತಿರುಪು ಇರುತ್ತದೆ. ಇಂಜಿನ್ ಓಡುವಾಗ ಸಡಿಲಿಸಬೇಕು, ಎತ್ತಿಡುವಾಗ ಬಿಗಿಯಬೇಕು. ಸಡಿಲಿಸುವುದನ್ನು ಅವನು ಒಂದು ದಿನವೂ ಮರೆತವನಲ್ಲ. ಸೂರಿನಿಂದ ಜಾರಿದ ಹನಿ ಸರಿಯಾಗಿ ಆ ತಿರುಪಿನ ನೆತ್ತಿಗೇ ಬೀಳುತ್ತಿತ್ತು. ಮಳೆಗಾಲ ಪೂರ್ತಿ ಬಿತ್ತು.

ಗುರುವಾರ ಬೆಳಿಗ್ಗೆ ಟ್ಯಾಂಕು ಎತ್ತಿ ನೋಡಿದ ಅರ್ಜೆಂಟಿಗೆ ಖುಷಿಯೋ ಖುಷಿ. “ಅರ್ಧ ಇದೆ ಅಂದ್ಕೊಂಡಿದ್ದೆ ಕಣೇ, ಮುಕ್ಕಾಲಿದೆ!” ಎಂದು ಹೆಂಡತಿಗೆ ಹೇಳಿದ. “ನಾನು ಒಂದೊಂದ್ಸಲ ನನಗೇ ಗೊತ್ತಿಲ್ದಂಗೆ ಜಾಣ ಆಗಿಬಿಡ್ತೀನಿ.”

“ಒಂದೊಂದ್ಸಲ ಅಲ್ಲ, ಯಾವಾಗ್ಲೂ ಗೊತ್ತಿಲ್ದಂಗೇ ರೀ,” ಎಂದಳು ಹೆಂಡತಿ.

ಇಂಜಿನ್ನು ಹತ್ತಿತು. ದೋಣಿ ದಕ್ಕೆ ಬಿಟ್ಟು ನಾಲ್ಕು ಮಾರು ಹೋಯಿತು. ಮಾವ ತಮ್ಮ ತಗಡಿನ ಪೆಟ್ಟಿಗೆಯ ಮೇಲೆ ಕೂತು ದಡದಲ್ಲಿದ್ದ ನಮಗೆಲ್ಲ ಕೈ ಬೀಸಿದರು. ನಾವೂ ಬೀಸಿದೆವು. ಅಷ್ಟರಲ್ಲಿ ಇಂಜಿನ್ನು ಎರಡು ಸಲ ಕೆಮ್ಮಿ, ಒಂದು ಸಲ ಬಿಕ್ಕಿ, ಸುಮ್ಮನಾಯಿತು. ಬೀಸುತ್ತಿದ್ದ ಕೈಗಳನ್ನು ಏನು ಮಾಡಬೇಕೋ ನಮಗೆ ತಿಳಿಯಲಿಲ್ಲ.

“ಇಂಟರ್‌ವೆಲ್ಲಾ?” ಎಂದು ಕೇಳಿದರು ಮಾವ.

ಹುಟ್ಟು ಹಾಕಿಕೊಂಡು ದಡಕ್ಕೆ ಬಂದರು. ಮತ್ತೆ ಹಗ್ಗ ಎಳೆದ, ಮತ್ತೆ ಹತ್ತಿತು, ಮತ್ತೆ ನಾಲ್ಕು ಮಾರು, ಮತ್ತೆ ಬಿಕ್ಕಳಿಕೆ. ಹುಟ್ಟು ಹಾಕಿಯೇ ದಾಟೋಣವೆಂದರೆ ಹೊಳೆಯ ಸೆಳೆತ ಇನ್ನೂ ಜೋರಾಗಿತ್ತು. ಬಸ್ಸಿನ ಬದಲು ಸಮುದ್ರ ಸಿಗುತ್ತಿತ್ತು. ಬೇರೆ ದೋಣಿಗಳೆಲ್ಲ ಕತ್ತಲಿರುವಾಗಲೇ ಮೀನಿಗೆ ಹೋಗಿದ್ದವು. ದಕ್ಕೆಯಲ್ಲಿ ಉಳಿದದ್ದು ಅರ್ಜೆಂಟಿನ ದೋಣಿ, ಮತ್ತು ಬುದ್ಧಿ ಹೇಳುವವರು.

ಮೊದಲು ಎದ್ದವನು ಕ್ಯಾಪ್ಟನ್. ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವನು. ಕೆಲಸ ಬಿಟ್ಟು ದಡಕ್ಕೆ ಬರುವಷ್ಟರಲ್ಲಿ ಹೇಗೋ ಕ್ಯಾಪ್ಟನ್ ಆಗಿದ್ದ.

“ಲೋ ಅರ್ಜೆಂಟು, ನೀರೊಳಗಿನ ಫ್ಯಾನಿಗೆ ಜೊಂಡು ಸುತ್ಕೊಂಡಿದೆ ಕಣೋ. ಸದ್ದಲ್ಲೇ ಗೊತ್ತಾಗತ್ತೆ.”

ಅರ್ಜೆಂಟು ಇಂಜಿನ್ನು ಮೇಲೆತ್ತಿ ನೋಡಿದ. “ಏನೂ ಇಲ್ಲ.”

“ಹಂಗಾದ್ರೆ ಬಿಚ್ಕೊಂಡು ಹೋಗಿದೆ,” ಎಂದ ಕ್ಯಾಪ್ಟನ್, ತನ್ನ ಮಾತೇ ನಿಜವಾದವನಂತೆ.

ನಾನು ಅಲ್ಲೇ ಹರಿದ ಬಲೆ ಹೆಣೆಯುತ್ತ ಕೂತಿದ್ದೆ. ಸುಮ್ಮನಿದ್ದರೆ ಆಗುತ್ತಿತ್ತು. “ಪ್ಲಗ್ಗು ಬಿಚ್ಚಿ ನೋಡಪ್ಪ” ಎಂದೆ. ಇಂಜಿನ್ನಿನಲ್ಲಿ ನನಗೆ ಗೊತ್ತಿದ್ದ ಸಾಮಾನು ಅದೊಂದೇ. ಹೇಳುವ ಅವಕಾಶ ಸಿಕ್ಕಾಗ ಬಿಡಲು ಮನಸ್ಸಾಗಲಿಲ್ಲ. ಅರ್ಜೆಂಟು ಪ್ಲಗ್ಗು ಬಿಚ್ಚಿದ. ಬೆಳಕಿಗೆ ಹಿಡಿದು ನೋಡಿದ. ಅದು ಅವನ ಎಣ್ಣೆಗೈಯಿಂದ ಮೀನಿನಂತೆ ಜಾರಿ ಬುಳುಕ್ ಎಂದು ನೀರಿಗೆ ಬಿತ್ತು.

ನಾನು ಬಲೆಯ ಒಂದು ಕಣ್ಣನ್ನು ಬಹಳ ಗಮನವಿಟ್ಟು ನೋಡತೊಡಗಿದೆ.

“ನಾನು ಅಳಿಯ ಆಗೋಕೇ ಲಾಯಕ್ಕು, ಬೇರೆ ಯಾವುದಕ್ಕೂ ಇಲ್ಲ,” ಎಂದು ಗೊಣಗುತ್ತ ಅರ್ಜೆಂಟು ಅಂಗಿ ಕಳಚಿ ನೀರಿಗಿಳಿದ. ಸೊಂಟದವರೆಗೆ ನೀರು, ಮೊಣಕಾಲವರೆಗೆ ಕೆಸರು. ಮೊದಲ ಮುಳುಗಿಗೆ ಒಂದು ತಟ್ಟೆ ಸಿಕ್ಕಿತು. ಎರಡನೆಯದಕ್ಕೆ ಹೋದ ವರ್ಷ ಕಳೆದ ಅವನದೇ ಎಡಗಾಲಿನ ಚಪ್ಪಲಿ. ಅದನ್ನು ಎತ್ತಿ ಹಿಡಿದಾಗ ಮಾವ ಚಪ್ಪಾಳೆ ತಟ್ಟಿದರು. ಬಿಸಿಲು ಏರಿ, ಅವನ ತುಟಿ ನೀಲಿಗಟ್ಟಿದ ಮೇಲೆ ಪ್ಲಗ್ಗು ಸಿಕ್ಕಿತು. ಒರೆಸಿ, ಒಣಗಿಸಿ, ಹಾಕಿ, ಎಳೆದ. ಹತ್ತಿತು. ಬಿಕ್ಕಿತು. ನಿಂತಿತು.

“ಈ ಸಿನಿಮಾ ಬಹಳ ಇಂಟರ್‌ವೆಲ್ಲು,” ಎಂದರು ಮಾವ.

ಆಗ ಎದ್ದು ಬಂದವಳು ಸೋಡಾ ಅಂಗಡಿಯ ಅಕ್ಕ. ಬೆಳಗಿನಿಂದ ಗಲ್ಲಾದ ಹಿಂದೆ ಕೂತು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. “ಹೊಟ್ಟೆ ಕೆಟ್ಟೋನಿಗೆ ತಲೆ ತಿಕ್ತಾ ಕೂತಿದೀರಲ್ರೋ. ಅದು ಕುಡಿದಿದ್ದೇನು ಅಂತ ನೋಡಿದೀರಾ?” ಎಂದು ಒಂದು ಖಾಲಿ ಗಾಜಿನ ಬಾಟಲಿಯನ್ನು ಮುಂದಕ್ಕೆ ಹಿಡಿದಳು.

ಟ್ಯಾಂಕಿನ ತಳದಿಂದ ಬಾಟಲಿಗೆ ತುಂಬಿಸಿ ಕಲ್ಲಿನ ಮೇಲಿಟ್ಟರು. ಎಲ್ಲರೂ ಸುತ್ತ ಕುಕ್ಕರಗಾಲಲ್ಲಿ ಕೂತೆವು. ಕಲಕಿದ ಹಾಗಿದ್ದದ್ದು ಸ್ವಲ್ಪ ಹೊತ್ತಿಗೆ ಸಣ್ಣ ಸಣ್ಣ ಗುಂಡುಗಳಾಗಿ ಕೆಳಗೆ ಜಾರಿತು. ತಳದಲ್ಲಿ ತಿಳಿನೀರು, ಮೇಲೆ ಪೆಟ್ರೋಲು. ನಡುವೆ ಗೆರೆ ಎಳೆದಂತೆ, ಪಾಲಾದ ಅಣ್ಣತಮ್ಮಂದಿರ ಮನೆಯ ಹಾಗೆ.

“ನೀರು!” ಎಂದ ಅರ್ಜೆಂಟು.

“ನಾನು ಆಗ್ಲೇ ಅಂದ್ಕೊಂಡೆ,” ಎಂದ ಕ್ಯಾಪ್ಟನ್.

ಅರ್ಜೆಂಟು ಟ್ಯಾಂಕಿನ ಮುಚ್ಚಳ ನೋಡಿದ, ತಿರುಪು ನೋಡಿದ, ಮನೆಯ ಸೂರಿನ ಕಡೆ ನೋಡಿದ, ಕೊನೆಗೆ ಮಾವನ ಮೂಗಿನ ಕಡೆ ನೋಡಿದ. “ಮುಕ್ಕಾಲು ಟ್ಯಾಂಕು,” ಎಂದು ತನ್ನ ಹಣೆ ತಾನೇ ಚಚ್ಚಿಕೊಂಡ. “ನನ್ನ ಜಾಣತನ ಅಂತ ಖುಷಿಪಟ್ನಲ್ಲ, ದೇವರು ಮೇಲಿಂದ್ಲೇ ಸುರಿದಿದ್ದ!”

ಎಲ್ಲ ಚೆಲ್ಲಿ ಬೇರೆ ಪೆಟ್ರೋಲು ಹಾಕೋಣವೆಂದರೆ ಬಂಕು ಇರುವುದು ಆಚೆ ದಡದಲ್ಲಿ. ಪೆಟ್ರೋಲು ತರಲು ದಾಟಬೇಕು, ದಾಟಲು ಪೆಟ್ರೋಲು ಬೇಕು. ಇದ್ದದ್ದನ್ನೇ ಶುದ್ಧ ಮಾಡಬೇಕಿತ್ತು. ಅಕ್ಕ ಒಂದು ಕ್ರೇಟ್ ಖಾಲಿ ಬಾಟಲಿ ತಂದಳು. ಟ್ಯಾಂಕಿನದೆಲ್ಲ ಅವುಗಳಿಗೆ ತುಂಬಿಸಿ ಸಾಲಾಗಿ ನೆರಳಿಗಿಟ್ಟು, ನೀರು ತಳಕ್ಕಿಳಿಯಲಿ ಎಂದು ಕಾದರು. ಅರ್ಜೆಂಟು ಇಂಜಿನ್ನಿನ ಕಾರ್ಬೊರೇಟರಿನ ಕೆಳಗಿನ ಬಟ್ಟಲಲ್ಲಿ ನಿಂತಿದ್ದ ನೀರು ಹೊರಬಿಟ್ಟು ಒರೆಸಲು ದೋಣಿಗೆ ಹೋದ. ಹೋಗುವಾಗ “ಯಾರೂ ಮುಟ್ಬೇಡಿ” ಅಂದು ಹೋಗಬೇಕಿತ್ತು. ನಮ್ಮ ಮೇಲೆ ನಂಬಿಕೆ ಇಟ್ಟ.

ತಿರುಗಿ ಬಂದಾಗ ಸಾಲಿನ ಬಾಟಲಿಗಳೆಲ್ಲ ಖಾಲಿ. ಕ್ಯಾಪ್ಟನ್ ಕೈ ಒರೆಸಿಕೊಳ್ಳುತ್ತಿದ್ದ.

“ನಿಂಗೆ ಅವಸರ ಇದೆಯಲ್ಲ ಅಂತ ಎಲ್ಲಾ ಟ್ಯಾಂಕಿಗೆ ಸುರಿದು ಇಟ್ಟಿದೀನಿ ಕಣೋ. ಒಂದ್ ತೊಟ್ಟೂ ಚೆಲ್ಲಿಲ್ಲ.”

“ನೀರನ್ನೂ?”

“ಒಂದ್ ತೊಟ್ಟೂ ಅಂದ್ನಲ್ಲ.”

ಅರ್ಜೆಂಟು ದಕ್ಕೆಯ ಕಲ್ಲಿನ ಮೇಲೆ ಕುಸಿದು ಕೂತ. ಮೈಗೆಲ್ಲ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಹಗ್ಗ ಎಳೆದ ಅಂಗೈ ಬೊಬ್ಬೆ ಎದ್ದಿತ್ತು. ಆಚೆ ದಡದಲ್ಲಿ ಬಸ್ಸು ಬಂದು ನಿಂತದ್ದು ಇಲ್ಲಿಗೇ ಕಾಣುತ್ತಿತ್ತು, ಬೆಂಕಿಪೆಟ್ಟಿಗೆಯಷ್ಟು. ಇನ್ನೊಂದು ಸಲ ಬಾಟಲಿಗೆ ಹಾಕಿ ಕಾಯುವಷ್ಟು ಹೊತ್ತು ಉಳಿದಿರಲಿಲ್ಲ. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಕುಟುಕುವ ಬದಲು ಸೆರಗಿನಿಂದ ಅವನ ಬೆನ್ನಿನ ಕೆಸರು ಒರೆಸಿದಳು, ಅಷ್ಟು ಕೆಟ್ಟಿತ್ತು ಪರಿಸ್ಥಿತಿ.

ಆಗ ಕ್ಯಾಪ್ಟನ್ ತನ್ನ ಬದುಕಿನಲ್ಲಿ ಮೊದಲ ಸಲ ನಿಜ ಹೇಳಿದ. “ಹಡಗಲ್ಲಿ ಇಂಜಿನ್ನಿನೋರು ಸೋಸ್ತಿದ್ರಪ್ಪ. ಮೆತ್ತನೆ ಚರ್ಮದಲ್ಲಿ. ಇಲ್ದಿದ್ರೆ ಒತ್ತಿ ಮಾಡಿದ ದಪ್ಪ ಉಣ್ಣೇಲಿ. ಮೊದ್ಲು ಅದನ್ನ ಒಳ್ಳೆ ಪೆಟ್ರೋಲಲ್ಲಿ ನೆನಸ್ಬೇಕು. ಆಮೇಲೆ ಪೆಟ್ರೋಲು ಕೆಳಗೆ ಇಳಿಯತ್ತೆ, ನೀರು ಮೇಲೇ ನಿಲ್ಲತ್ತೆ.”

“ದಪ್ಪ ಉಣ್ಣೆ ಎಲ್ಲಿಂದ ತರೋದು?” ಎಂದ ಅರ್ಜೆಂಟು.

ಒಬ್ಬರಾದ ಮೇಲೊಬ್ಬರು ನಾವೆಲ್ಲ ಮಾವನ ತಲೆ ನೋಡಿದೆವು.

“ಏನ್ರಪ್ಪ?” ಎಂದರು ಮಾವ. ಕೈ ತಾನಾಗಿ ಟೋಪಿಯ ಅಂಚು ಹಿಡಿಯಿತು. “ನನ್ನ ತಲೇಲಿ ಏನಿದೆ?”

“ಅಪ್ಪ, ಟೋಪಿ ಕೊಡು,” ಎಂದಳು ಮಗಳು.

ಮಾವ ಅಳಿಯನ ಕಡೆ ನೋಡಿದರು. ಒಣಗಿದ ಕೆಸರು, ಬೊಬ್ಬೆ ಎದ್ದ ಕೈ. ಅವರ ಕಣ್ಣಲ್ಲಿ ನೀರಾಡಿತು.

“ಮಗಳೇ, ಬೆಳಗಿಂದ ನೋಡ್ತಾ ಇದೀನಿ. ನನ್ನನ್ನ ಹೊತ್ತಿಗೆ ಸರಿಯಾಗಿ ಊರು ಸೇರಿಸ್ಬೇಕು ಅಂತ ಪಾಪ ಎಷ್ಟು ಒದ್ದಾಡಿದ್ರು! ಹೆತ್ತ ಮಗ ಮಾಡ್ತಾನಾ? ಇಂಥ ಅಳಿಯನಿಗಿಂತ ಟೋಪಿ ದೊಡ್ಡದಾ?” ಎಂದು ಎರಡು ಕೈಯಲ್ಲಿ ಟೋಪಿ ತೆಗೆದು ಕೊಟ್ಟರು. ಬೋಳು ತಲೆ ಬಿಸಿಲಿಗೆ ಪಳಪಳ ಹೊಳೆಯಿತು. ಅರ್ಜೆಂಟು ತಲೆ ಎತ್ತಲಿಲ್ಲ. ನಾಚಿಕೆಯೋ, ಬೆಳಕು ಕಣ್ಣಿಗೆ ಹೊಡೆಯಿತೋ, ಹೇಳಲಾರೆ.

ಕ್ಯಾಪ್ಟನ್ನಿನ ಕಣ್ಣಿಗೆ ಬೀಳದೆ ಕಲ್ಲಿನ ಮೇಲೇ ಉಳಿದಿದ್ದ ಮೊದಲ ಬಾಟಲಿಯಿಂದ ಮೇಲಿನ ಒಳ್ಳೆಯ ಪೆಟ್ರೋಲನ್ನಷ್ಟೇ ಬಗ್ಗಿಸಿ, ಟೋಪಿಯನ್ನು ಅದರಲ್ಲಿ ನೆನಸಿ, ಬಕೆಟ್ಟಿನ ಬಾಯಿಗೆ ಬೋರಲು ಮಾಡಿ...

ಬೋರಲು ಮಾಡಿದವನು ನಾನು. ಅಕ್ಕ ನನ್ನ ಕೈ ಸರಿಸಿ, ಟೋಪಿಯನ್ನು ಬಟ್ಟಲಿನಂತೆ ನೆಟ್ಟಗೆ ಹಿಡಿದಳು. “ಅಜ್ಜ, ನೀವು ಬಲೆ ಹೆಣೀರಿ.”

ಸುರಿದರು. ಪೆಟ್ರೋಲು ತೊಟ ತೊಟ ಇಳಿಯಿತು. ನೀರು ಟೋಪಿಯೊಳಗೆ ಕೆರೆಯಂತೆ ನಿಂತಿತು, ಅದನ್ನು ಆಗಾಗ ಹೊರಗೆ ಚೆಲ್ಲಿದರು. ಆಯಿಲ್ ಬೆರೆತ ಪೆಟ್ರೋಲಿಗೆ ಬೂದು ಟೋಪಿ ಕಪ್ಪಾಯಿತು, ಅಂಚು ಜೋತು ಬಿತ್ತು. ಮಾವ ಆ ಕಡೆ ಮುಖ ತಿರುಗಿಸಿ, “ಟೋಪಿ ಇದೆಯಾ?” ಎಂದು ಕೇಳುತ್ತಿದ್ದರು. “ಇದೆ ಅಪ್ಪ, ಇದೆ,” ಅನ್ನುತ್ತಿದ್ದಳು ಮಗಳು.

ಟ್ಯಾಂಕು ತೊಳೆದಂತೆ ಒರೆಸಿ, ಸೋಸಿದ್ದನ್ನು ಹಾಕಿ, ಕೊಳವೆಯ ನಡುವಿನ ರಬ್ಬರ್ ಉಂಡೆ ಹಿಸುಕಿ ಪೆಟ್ರೋಲನ್ನು ಇಂಜಿನ್ನಿಗೆ ತಳ್ಳಿ, ಅರ್ಜೆಂಟು ಹಗ್ಗ ಎಳೆದ. ಇಂಜಿನ್ನು ಹತ್ತಿತು. ನಾಲ್ಕು ಮಾರು ಹೋಯಿತು. ನಾವು ಉಸಿರು ಹಿಡಿದೆವು. ಐದು, ಹತ್ತು, ನೂರು ಮಾರು; ಕೆಮ್ಮಿಲ್ಲ, ಬಿಕ್ಕಿಲ್ಲ. ಮಾವ ಒದ್ದೆ ಟೋಪಿಯನ್ನು ತಲೆಗಿಟ್ಟು ಕೈ ಬೀಸಿದರು. ದಕ್ಕೆಯಲ್ಲಿ ನಾವು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು, ಎಲ್ಲ ನಮ್ಮಿಂದಲೇ ಆಯಿತೆಂಬಂತೆ.

ಮುಂದಿನದನ್ನು ಅರ್ಜೆಂಟೇ ಆಮೇಲೆ ಹೇಳಿದ್ದು.

ಬಸ್ಸು ಹೊರಡಲು ಗುರುಗುಡುತ್ತಿತ್ತು. ಅರ್ಜೆಂಟು ಪೆಟ್ಟಿಗೆಯನ್ನು ತಲೆ ಮೇಲೆ ಹೊತ್ತು, “ನಿಲ್ಸಿ, ನಿಲ್ಸಿ, ಅರ್ಜೆಂಟು!” ಎಂದು ಕೂಗುತ್ತ ಓಡಿ, ಬಸ್ಸಿನ ಬಾಗಿಲು ಹಿಡಿದ. ಪೆಟ್ಟಿಗೆ ಒಳಗೆ ತಳ್ಳಿದ. ಮಾವನ ಒಂದು ಕಾಲು ಮೆಟ್ಟಿಲ ಮೇಲೆ. ಅರ್ಜೆಂಟಿನ ಮನಸ್ಸು ಆಗಲೇ ಹಿಂದಿನ ಕೋಣೆಯಲ್ಲಿ ಕಾಲು ಚಾಚಿ ಮಲಗಿತ್ತು.

ಕಂಡಕ್ಟರ್ ಮೂಗು ಅರಳಿಸಿದ. “ಏನ್ ವಾಸನೆ ಇದು?”

“ಏನೂ ಇಲ್ವಲ್ಲ,” ಎಂದ ಅರ್ಜೆಂಟು.

ಕಂಡಕ್ಟರ್ ಬಗ್ಗಿ ಮಾವನ ತಲೆ ಮೂಸಿದ. “ಯಜಮಾನ್ರೇ, ಪೆಟ್ರೋಲ್ ತೊಟ್ಟಿಕ್ತಿದೆ! ಕೊನೇ ಸೀಟಲ್ಲಿ ಯಾವನಾದ್ರೂ ಕದ್ದು ಬೀಡಿ ಹಚ್ಚಿದ್ರೆ ನೀವು ದೀಪದ ಬತ್ತಿ, ನಾವೆಲ್ಲ ಎಣ್ಣೆ. ಟೋಪಿ ಬಿಟ್ಟು ಹತ್ತಿ. ಇಲ್ಲಾ, ಕೆಳಗಿಳೀರಿ.”

“ಟೋಪಿ ನಾನಿಟ್ಕೋತೀನಿ ಮಾವ!” ಎಂದ ಅರ್ಜೆಂಟು. “ಒಗೆದು, ಒಣಗಿಸಿ, ನಾನೇ ತಂದು ಕೊಡ್ತೀನಿ. ಆಣೆ ಮಾಡ್ತೀನಿ.”

“ಟೋಪಿ ಬಿಟ್ಟು ನಾನು ಬಂದಿಲ್ಲ, ಹೋಗೋದೂ ಇಲ್ಲ.”

“ಕಂಡಕ್ಟರಣ್ಣ, ವಯಸ್ಸಾದೋರು, ಸ್ವಲ್ಪ ನೋಡಿ. ಕಿಟಕಿ ಪಕ್ಕ ಕೂತ್ಕೋತಾರೆ. ತಲೆ ಹೊರಗಿಟ್ಕೋತಾರೆ...”

ಆಗ ಮಾವನಿಗೆ ಸಿಟ್ಟು ಬಂತು. ಬಂದದ್ದು ಕಂಡಕ್ಟರಿನ ಮೇಲಲ್ಲ. “ಅಳಿಯಂದಿರೇ! ಬಾಗಿಲಲ್ಲಿ ನಿಂತೋನ ಹತ್ರ ವಾದ ಮಾಡ್ಬಾರ್ದು. ಇಷ್ಟು ವರ್ಷ ನಾನೂ ನಿಂತಿದೀನಿ. ಅವನು ಬೇಡ ಅಂದ್ರೆ ಬೇಡ, ಮುಗೀತು.” ಕಂಡಕ್ಟರಿನ ಭುಜ ತಟ್ಟಿದರು. “ಒಳ್ಳೆ ಕೆಲಸ ಮಾಡ್ತಿದೀಯ ಮಗಾ. ಹೀಗೇ ಇರು.” ತಮ್ಮ ಪೆಟ್ಟಿಗೆಯನ್ನು ತಾವೇ ಇಳಿಸಿಕೊಂಡರು. ಬಸ್ಸು ಹೋಯಿತು. ಅಳಿಯ ಮಾವ ಇಬ್ಬರೂ ಅದರ ಧೂಳು ನೋಡುತ್ತ ನಿಂತರು.

“ದಿ ಎಂಡ್,” ಎಂದರು ಮಾವ.

ಟೋಪಿಯನ್ನು ಒಗೆದು ಹಗ್ಗಕ್ಕೆ ಹಾಕಿದರು. ವಾಸನೆ ಹೋಗಲಿಲ್ಲ. ಮತ್ತೆ ಒಗೆದರು, ಹೋಗಲಿಲ್ಲ. ಅಷ್ಟರಲ್ಲಿ ಸುದ್ದಿ ಹರಡಿತು. ಮಳೆಗಾಲದಲ್ಲಿ ನೀರು ಕುಡಿದದ್ದು ಅರ್ಜೆಂಟಿನ ಟ್ಯಾಂಕು ಒಂದೇ ಅಲ್ಲ ಎಂದು ತಿಳಿದದ್ದು ಆಗಲೇ. ಶನಿವಾರದ ಹೊತ್ತಿಗೆ ದಕ್ಕೆಯಲ್ಲಿ ಡಬ್ಬಗಳ ಸಾಲು, ಸಾಲಿನ ತುದಿಯಲ್ಲಿ ಟೋಪಿ ಹಿಡಿದು ಮಾವ. “ನೂಕಬೇಡಿ, ಸಾಲಾಗಿ ಬನ್ನಿ, ಒಬ್ಬೊಬ್ರೇ!” ಟಾಕೀಸು ಮುಚ್ಚಿದ ಮೇಲೆ ಅವರ ಮುಖದಲ್ಲಿ ಅಂಥ ಕಳೆ ಬಂದಿರಲಿಲ್ಲವೆಂದು ಮಗಳೇ ಹೇಳಿದಳು. ಹೊರಗೆ ಇಟ್ಟಿದ್ದ ಟ್ಯಾಂಕನ್ನೂ ಮಾವ ತಾವೇ ಎತ್ತಿ ತಂದು ಕೋಣೆಯ ಮೂಲೆಗೆ ಇಟ್ಟುಕೊಂಡರು. “ಅಲ್ಲೇ ಇರ್ಲಿ ಅಳಿಯಂದಿರೇ. ಆ ವಾಸನೆ ಇಲ್ದಿದ್ರೆ ಈಗ ನಿದ್ದೇನೇ ಹತ್ತಲ್ಲ.”

ಬುಧವಾರ ಸಂಜೆ ಅರ್ಜೆಂಟು ಮನೆಗೆ ಬಂದಾಗ ಹೆಂಡತಿ ಬಟ್ಟೆ ಮಡಚುತ್ತಿದ್ದಳು.

“ಮಾವನ ಪೆಟ್ಟಿಗೆ ಕಟ್ತಿದೀಯೇನೆ?” ಎಂದ ಆಸೆಯಿಂದ.

“ಇಲ್ಲಾ ರೀ, ನಂದು. ಅಮ್ಮ ಫೋನ್ ಮಾಡಿದ್ಲು. ಅಪ್ಪನಿಗೆ ಅಲ್ಲಿ ಅಷ್ಟು ಕೆಲಸ ಇರುವಾಗ ಅವಸರ ಮಾಡ್ಬೇಡಿ ಅಂದ್ಲು. ಮನೆ ಪ್ರಶಾಂತವಾಗಿದೆ, ನೀನಾದ್ರೂ ಬಂದು ನಾಲ್ಕು ದಿನ ಇದ್ದು ಹೋಗು ಅಂದ್ಲು.” ಸೀರೆಯೊಂದನ್ನು ಪೆಟ್ಟಿಗೆಗೆ ಒತ್ತಿದಳು. “ಅಪ್ಪನೂ ಎರಡು ದಿನ ಅಂತಾನೇ ಬಂದಿದ್ದು, ಅಲ್ವಾ?”

ಮರುದಿನ ಗುರುವಾರ ಹೆಂಡತಿಯನ್ನು ಆಚೆ ದಡದ ಬಸ್ಸಿಗೆ ಬಿಡಲು ಹೊರಟಾಗ ಇಂಜಿನ್ನು ಒಂದೇ ಎಳೆತಕ್ಕೆ ಹತ್ತಿತು. ಅಷ್ಟು ಚೊಕ್ಕವಾಗಿ ಅದು ಎಂದೂ ಓಡಿರಲಿಲ್ಲ. ಅರ್ಜೆಂಟು ಮಾತ್ರ ಅವತ್ತು ಯಾರಿಗೂ ಬೇಗ ಬೇಗ ಎಂದು ಕೂಗಲಿಲ್ಲ. ಸಂಜೆ ಒಬ್ಬನೇ ತಿರುಗಿ ಬಂದು ಮನೆಯ ಹೊಸಿಲ ಮೇಲೆ ಕಾಲಿಟ್ಟ. ಕಂಬದಂಥ ಕೈಯೊಂದು ಅಡ್ಡ ಬಂತು, ಜೊತೆಗೆ ಪೆಟ್ರೋಲಿನ ವಾಸನೆ.

“ಯಾರದು?”

“ನಾನೇ ಮಾವ.”

“ಒಂದೇ ಟಿಕೆಟ್ಟಾ?”

“ಒಂದೇ.”

ಹೆಂಡತಿ ಹೋದದ್ದು ಆ ಗುರುವಾರ. ಅವಳ ನಾಲ್ಕು ದಿನ ಇನ್ನೂ ಮುಗಿದಿಲ್ಲ.